ತೊಟ್ಟಿಕ್ಕುವ ನಲ್ಲಿಯಿಂದ ಶುರು ಮಾಡಿ: ರಿಪೇರಿ ಕೆಲಸ ಕೈಗೆ ಹತ್ತುವ ದಾರಿ

ಮೂರು ವಾರದಿಂದ ನಲ್ಲಿ ತೊಟ್ಟಿಕ್ಕುತ್ತಿದೆ. ಹಗಲು ಅದು ಯಾರ ಗಮನಕ್ಕೂ ಬರುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಟಪ್, ಟಪ್ ಎಂದು ತಲೆಗೇ ಬಡಿದ ಹಾಗೆ ಕೇಳುತ್ತದೆ. ಪ್ಲಂಬರ್‌ಗೆ ಎರಡು ಸಲ ಹೇಳಿದ್ದಾಗಿದೆ. ಇಷ್ಟು ಸಣ್ಣ ಕೆಲಸಕ್ಕೆ ಅವರು ಬರುವುದು ಯಾವಾಗಲೂ ತಡವೇ. ಅಷ್ಟರಲ್ಲಿ ಮನೆಯವರೆಲ್ಲ ನಲ್ಲಿಯನ್ನು ಮೊದಲಿಗಿಂತ ಬಿಗಿಯಾಗಿ ತಿರುಗಿಸುವ ಅಭ್ಯಾಸ ಮಾಡಿಕೊಂಡಿರುತ್ತಾರೆ. ಹಾಗೆ ಬಿಗಿ ಮಾಡಿದಷ್ಟೂ ಒಳಗಿನ ರಬ್ಬರ್ ಬೇಗ ಹಾಳಾಗುತ್ತದೆ, ತೊಟ್ಟಿಕ್ಕುವುದು ಜಾಸ್ತಿಯಾಗುತ್ತದೆ.

ನಮ್ಮ ಮನೆಯಲ್ಲೂ ಹೀಗೇ ಇತ್ತು. ಒಂದು ಭಾನುವಾರ ತಡೆಯಲಾರದೆ ನಾನೇ ಬಿಚ್ಚಿದೆ. ಒಳಗೆ ಸಿಕ್ಕಿದ್ದು ಬೆರಳ ತುದಿಯಷ್ಟು ಅಗಲದ ಒಂದು ಕಪ್ಪು ರಬ್ಬರ್ ಬಿಲ್ಲೆ. ಅದರ ಮುಖದ ಮೇಲೆ ಉಂಗುರ ಒತ್ತಿದ ಹಾಗೆ ಒಂದು ಗುಂಡನೆಯ ಹಳ್ಳ ಬಿದ್ದಿತ್ತು. ಇಷ್ಟು ದಿನ ನಿದ್ದೆ ಕೆಡಿಸಿದ್ದು ಇದೇನಾ ಅನ್ನಿಸಿತು. ಹೊಸ ವಾಷರ್ ಹಾಕಿದೆ, ಸದ್ದು ನಿಂತಿತು. ಅವತ್ತಿನಿಂದ ಮನೆಯ ಬೇರೆ ವಸ್ತುಗಳನ್ನು ನೋಡುವ ರೀತಿಯೂ ಬದಲಾಯಿತು. ಕಿರ್ರೆನ್ನುವ ಬಾಗಿಲು, ಅಲ್ಲಾಡುವ ಕುರ್ಚಿ, ಬಿಸಿಯಾಗುವ ಪ್ಲಗ್ಗು, ಎಲ್ಲವೂ ತಮ್ಮ ತೊಂದರೆಯನ್ನು ಆಗಲೇ ಹೇಳುತ್ತಿರುತ್ತವೆ. ಕೇಳಿಸಿಕೊಳ್ಳುವುದನ್ನು ಕಲಿತರೆ ಅರ್ಧ ರಿಪೇರಿ ಮುಗಿದ ಹಾಗೆ. ಹತಾರ ಹಿಡಿಯುವುದು ಆಮೇಲಿನ ಮಾತು.

ಅದಕ್ಕೇ ಈ ಲೇಖನವನ್ನು ಹತಾರಗಳ ಪಟ್ಟಿಯಿಂದ ಶುರು ಮಾಡುತ್ತಿಲ್ಲ.

ಮೊದಲು ಒಂದು ಸುತ್ತು ನಡೆದು ಬನ್ನಿ

ಒಂದು ಪುಸ್ತಕ, ಒಂದು ಪೆನ್ನು ಹಿಡಿದು ಮನೆಯೊಳಗೆ ನಿಧಾನವಾಗಿ ಓಡಾಡಿ. ಅರ್ಧ ಗಂಟೆ ಸಾಕು. ಪ್ರತಿ ಬಾಗಿಲನ್ನೂ ತೆರೆದು ಮುಚ್ಚಿ. ಪ್ರತಿ ನಲ್ಲಿಯನ್ನೂ ತಿರುಗಿಸಿ ನಿಲ್ಲಿಸಿ. ಕುರ್ಚಿ, ಮೇಜುಗಳ ಮೇಲೆ ಕೈಯಿಟ್ಟು ಅಲ್ಲಾಡಿಸಿ. ಸಿಂಕಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ, ಪೈಪಿನ ಜಾಯಿಂಟಿಗೆ ಒಣ ಕಾಗದ ಒತ್ತಿ. ಕಾಗದ ಒದ್ದೆಯಾದರೆ ಕಣ್ಣಿಗೆ ಕಾಣದ ಸೋರಿಕೆ ಇದೆ ಎಂದರ್ಥ. ತುಂಬಾ ಹೊತ್ತು ಓಡುವ ಯಂತ್ರಗಳ ಪ್ಲಗ್ಗನ್ನು ಹೊರಗಡೆಯಿಂದ ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಪರವಾಗಿಲ್ಲ, ಬಿಸಿ ಅನ್ನಿಸಿದರೆ ಬರೆದುಕೊಳ್ಳಿ.

ಫ್ರಿಜ್ ಬಾಗಿಲಿಗೆ ಒಂದು ಸುಲಭದ ಪರೀಕ್ಷೆ ಇದೆ. ಒಂದು ಕಾಗದದ ಚೂರನ್ನು ಬಾಗಿಲಿನ ರಬ್ಬರ್ ಅಂಚಿಗೆ ಸಿಕ್ಕಿಸಿ ಮುಚ್ಚಿ, ಆಮೇಲೆ ಎಳೆಯಿರಿ. ಸ್ವಲ್ಪ ಹಿಡಿದು ಹಿಡಿದು ಬಂದರೆ ರಬ್ಬರ್ ಚೆನ್ನಾಗಿದೆ. ಸರ್ರನೆ ಜಾರಿ ಬಂದರೆ ಆ ಜಾಗದಲ್ಲಿ ತಂಪು ಹೊರಗೆ ಹೋಗುತ್ತಿದೆ. ಎಷ್ಟೋ ಸಲ ಆ ರಬ್ಬರನ್ನು ಬೆಚ್ಚಗಿನ ಸೋಪು ನೀರಿನಲ್ಲಿ ಒರೆಸಿದರೆ ಸಾಕು, ಮತ್ತೆ ಸರಿಯಾಗಿ ಕೂರುತ್ತದೆ.

ತೊಟ್ಟಿಕ್ಕುವ ನಲ್ಲಿ ಸಿಕ್ಕಿದರೆ ಕೆಳಗೆ ಒಂದು ಅಳತೆಯ ಪಾತ್ರೆ ಇಟ್ಟು ಒಂದು ಗಂಟೆ ಬಿಡಿ. ಎಷ್ಟು ತುಂಬಿದೆಯೋ ಅದನ್ನು 24ರಿಂದ ಗುಣಿಸಿ. ಗಂಟೆಗೆ ಕಾಲು ಲೀಟರ್ ಬಂದರೆ ದಿನಕ್ಕೆ 6 ಲೀಟರ್, ವರ್ಷಕ್ಕೆ 2,190 ಲೀಟರ್. ಲೆಕ್ಕ ಕಣ್ಣೆದುರು ಇದ್ದರೆ ಕೆಲಸ ಮುಂದಕ್ಕೆ ಹಾಕಲು ಮನಸ್ಸು ಬರುವುದಿಲ್ಲ.

ಸುತ್ತು ಮುಗಿದಾಗ ಪುಸ್ತಕದಲ್ಲಿ ಹತ್ತು ಹದಿನೈದು ಸಾಲು ಆಗಿರುತ್ತದೆ. ಗಾಬರಿ ಬೇಡ. ಅದರಲ್ಲಿ ಮುಕ್ಕಾಲು ಪಾಲು ಒಂದು ಸ್ಕ್ರೂ ಬಿಗಿ ಮಾಡಿದರೆ, ಒಂದು ಹನಿ ಎಣ್ಣೆ ಬಿಟ್ಟರೆ, ಒಂದು ಸಲ ತೊಳೆದರೆ ಮುಗಿಯುವ ಕೆಲಸ.

ಹತಾರ ಕಡಿಮೆ ಇರಲಿ, ಅಳತೆ ಸರಿ ಇರಲಿ

ನೂರು ಹತಾರಗಳ ದೊಡ್ಡ ಪೆಟ್ಟಿಗೆ ತರಬೇಡಿ. ಅದರಲ್ಲಿ ತೊಂಬತ್ತನ್ನು ಮುಟ್ಟುವುದೇ ಇಲ್ಲ. ಶುರುವಿಗೆ ಬೇಕಾದದ್ದು ಇಷ್ಟೇ: ಎರಡು ಮೂರು ಅಳತೆಯ ಸ್ಟಾರ್ ಸ್ಕ್ರೂ ಡ್ರೈವರ್, ಎರಡು ಚಪ್ಪಟೆ ಸ್ಕ್ರೂ ಡ್ರೈವರ್, ಒಂದು ಅಡ್ಜಸ್ಟಬಲ್ ಸ್ಪ್ಯಾನರ್, ಒಂದು ಇಕ್ಕಳ, ಒಂದು ಸುತ್ತಿಗೆ, ಆರು ಮೂಲೆಯ ಗುಳಿ ಇರುವ ಸ್ಕ್ರೂಗಳಿಗೆ ಆಲನ್ ಕೀಗಳ ಒಂದು ಸೆಟ್, ಅಳತೆ ಟೇಪು, ಟಾರ್ಚು, ಪೈಪಿನ ಜಾಯಿಂಟಿಗೆ ಸುತ್ತುವ ಟೆಫ್ಲಾನ್ ಟೇಪು, ಒಂದು ಡಬ್ಬಿ ಎಣ್ಣೆ. ಕಣ್ಣಿಗೆ ಹಾಕುವ ರಕ್ಷಣೆಯ ಕನ್ನಡಕವನ್ನು ಮರೆಯಬೇಡಿ. ಉಳಿದದ್ದನ್ನು ಕೆಲಸ ಬಂದಾಗ ಕೊಂಡರಾಯಿತು.

ಸ್ಕ್ರೂ ಡ್ರೈವರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಹೊಸಬರ ಕೈಯಲ್ಲಿ ಹೆಚ್ಚು ಹಾಳಾಗುವುದು ಸ್ಕ್ರೂವಿನ ತಲೆಯೇ. ನಾವು ಸ್ಟಾರ್ ಎಂದು ಕರೆಯುವ ಫಿಲಿಪ್ಸ್ ತಲೆಗೆ ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದರು. ಅದರಲ್ಲೂ ಅಳತೆಗಳಿವೆ: ಪಿಎಚ್0, ಪಿಎಚ್1, ಪಿಎಚ್2, ಪಿಎಚ್3. ಆಟಿಕೆ, ರಿಮೋಟ್‌ಗಳಿಗೆ ಪಿಎಚ್0. ಸ್ವಿಚ್ ಬೋರ್ಡಿನಂಥವುಕ್ಕೆ ಪಿಎಚ್1. ಬಾಗಿಲು, ಕಪಾಟಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ ಪಿಎಚ್2. ಸಣ್ಣ ಡ್ರೈವರನ್ನು ದೊಡ್ಡ ತಲೆಗೆ ಹಾಕಿದರೆ ತುದಿ ಅಂಚುಗಳನ್ನು ಮಾತ್ರ ಮುಟ್ಟುತ್ತದೆ. ತಿರುಗಿಸಿದ ಕೂಡಲೇ ಮೇಲೆದ್ದು ಜಾರುತ್ತದೆ. ಎರಡು ಸಲ ಜಾರಿದರೆ ತಲೆ ಗುಂಡಗಾಯಿತು ಎಂದೇ ಲೆಕ್ಕ.

ತಲೆಯೊಳಗೆ ತುದಿ ಇಟ್ಟು ಕೈ ಸಡಿಲ ಬಿಟ್ಟು ನೋಡಿ. ಡ್ರೈವರ್ ಅತ್ತಿತ್ತ ಅಲ್ಲಾಡದೆ ನೆಟ್ಟಗೆ ಕೂತಿದ್ದರೆ ಅದೇ ಸರಿಯಾದ ಅಳತೆ. ಬಿಚ್ಚುವಾಗ ತಿರುಗಿಸುವ ಬಲಕ್ಕಿಂತ ಒತ್ತುವ ಬಲ ಜಾಸ್ತಿ ಇರಲಿ. ಮೊದಲು ಅಂಗೈಯಿಂದ ಒತ್ತಿ, ಆಮೇಲೆ ನಿಧಾನ ತಿರುಗಿಸಿ.

ಯಾವ ಕಡೆ ತಿರುಗಿಸಬೇಕು ಅನ್ನುವ ಗೊಂದಲ ತಲೆಕೆಳಗಾಗಿ ಕೆಲಸ ಮಾಡುವಾಗ ಎಲ್ಲರಿಗೂ ಬರುತ್ತದೆ. ಅದಕ್ಕೆ ಬಲಗೈ ಸಾಕು. ಹೆಬ್ಬೆರಳನ್ನು ಸ್ಕ್ರೂ ಯಾವ ಕಡೆ ಹೋಗಬೇಕೋ ಆ ಕಡೆ ಚಾಚಿ. ಉಳಿದ ಬೆರಳುಗಳು ಮಡಚಿದ ದಿಕ್ಕಿಗೆ ತಿರುಗಿಸಿ. ಹೊರಗೆ ಬರಬೇಕಾದರೆ ಹೆಬ್ಬೆರಳು ನಿಮ್ಮ ಕಡೆಗೆ, ಒಳಗೆ ಹೋಗಬೇಕಾದರೆ ಆಚೆ ಕಡೆಗೆ. ಮೇಜಿನ ಅಡಿಯಲ್ಲಿ ಮಲಗಿದ್ದರೂ ಇದು ತಪ್ಪುವುದಿಲ್ಲ. ಇದಕ್ಕೆ ಹೊರತಾದ ಕೆಲವು ಕಡೆಗಳಿವೆ. ಸೈಕಲ್ಲಿನ ಎಡ ಪೆಡಲ್‌ಗೆ ಉಲ್ಟಾ ಥ್ರೆಡ್ (ಸ್ಕ್ರೂವಿನ ಸುರುಳಿ ಗೀರು) ಇರುತ್ತದೆ, ತುಳಿಯುತ್ತಾ ಹೋದಾಗ ತಾನಾಗಿ ಬಿಚ್ಚಿಕೊಳ್ಳಬಾರದೆಂದು. ಎಷ್ಟೋ ಟೇಬಲ್ ಫ್ಯಾನುಗಳ ರೆಕ್ಕೆ ಹಿಡಿದಿರುವ ನಟ್ಟೂ ಉಲ್ಟಾ. ಅಂಥ ಕಡೆ ಬಲ ಹಾಕಿ ಬಿಗಿ ಮಾಡುತ್ತಾ ಹೋದವರು ಬಹಳ ಜನ.

ಇನ್ನೊಂದು ಗುಟ್ಟು ನನಗೆ ತಡವಾಗಿ ಗೊತ್ತಾಯಿತು. ಬಾಟಲಿಯ ಮುಚ್ಚಳವಾಗಲಿ, ನಟ್ಟಾಗಲಿ, ಪ್ಲಾಸ್ಟಿಕ್ ಒಳಗಿನ ಸ್ಕ್ರೂ ಆಗಲಿ, ಹಾಕುವ ಮೊದಲು ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಒಂದು ಕಡೆ ‘ಟಕ್’ ಎಂದು ಸಣ್ಣಗೆ ಕೆಳಗಿಳಿದದ್ದು ಬೆರಳಿಗೆ ತಿಳಿಯುತ್ತದೆ. ಹಳೆಯ ಥ್ರೆಡ್ಡಿನ ಬಾಯಿ ಅಲ್ಲೇ ಇದೆ. ಅಲ್ಲಿಂದ ಬಿಗಿ ಮಾಡುವ ಕಡೆ ತಿರುಗಿಸಿದರೆ ಓರೆಯಾಗಿ ಕಚ್ಚಿಕೊಂಡು ಥ್ರೆಡ್ ಕೆಡುವ ಭಯ ಇಲ್ಲ. ಮೊದಲ ಮೂರು ಸುತ್ತು ಬೆರಳಲ್ಲೇ ಹೋಗಬೇಕು. ಅಲ್ಲೇ ಬಿಗಿ ಅನ್ನಿಸಿದರೆ ಸ್ಪ್ಯಾನರ್ ಹಾಕಬೇಡಿ, ಹೊರಗೆ ತೆಗೆದು ಮತ್ತೆ ಶುರು ಮಾಡಿ.

ಸ್ಪ್ಯಾನರ್ ಹಿಡಿದಾಗ ದೂಡುವುದಕ್ಕಿಂತ ನಿಮ್ಮ ಕಡೆಗೆ ಎಳೆಯುವುದು ಒಳ್ಳೆಯದು. ತಟ್ಟನೆ ಸಡಿಲವಾದರೆ ಗೆಣ್ಣು ಹೋಗಿ ಗೋಡೆಗೆ ಬಡಿಯುವುದಿಲ್ಲ. ಅಡ್ಜಸ್ಟಬಲ್ ಸ್ಪ್ಯಾನರ್ ಆದರೆ ನಟ್ಟಿಗೆ ಅಂಟಿಕೊಳ್ಳುವಷ್ಟು ಬಿಗಿ ಮಾಡಿ, ಬಲವೆಲ್ಲ ಅಲುಗದ ದವಡೆಯ ಮೇಲೆ ಬೀಳುವಂತೆ ತಿರುಗಿಸಿ. ಹಿಡಿ ಉದ್ದವಾದಷ್ಟೂ ಬಲ ಹೆಚ್ಚುತ್ತದೆ ಅನ್ನುವುದು ನೆನಪಿರಲಿ. ಮನೆಯಲ್ಲಿ ಎಲ್ಲ ಕಡೆ ಸಿಗುವ ಎಂ6 (6 ಮಿಲಿಮೀಟರ್ ದಪ್ಪದ) ಬೋಲ್ಟಿನ ತಲೆ ಸಾಮಾನ್ಯವಾಗಿ 10 ಮಿಲಿಮೀಟರ್. ಅಂಥ ಉಕ್ಕಿನ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ತಿರುಚು ಬಲ ಸಾಕು. 10 ಸೆಂಟಿಮೀಟರ್ ಹಿಡಿಯ ತುದಿಯಲ್ಲಿ ಅದು ಸುಮಾರು 10 ಕಿಲೋ ಭಾರದ ಎಳೆತ, 20 ಸೆಂಟಿಮೀಟರ್ ಆದರೆ ಅದರ ಅರ್ಧ. ಉದ್ದದ ಸ್ಪ್ಯಾನರ್ ಹಿಡಿದು ಪೂರ್ತಿ ಮೈಬಲ ಹಾಕಿದರೆ ಸಣ್ಣ ಬೋಲ್ಟ್ ತುಂಡಾಗುತ್ತದೆ.

ನಲ್ಲಿಯ ವಾಷರ್ ಬದಲಿಸೋಣ

ಮೊದಲ ಕೆಲಸ ಇದೇ ಆಗಲಿ ಅನ್ನುವುದಕ್ಕೆ ಕಾರಣ ಇದೆ. ತಪ್ಪಾದರೂ ದೊಡ್ಡ ಅನಾಹುತವಿಲ್ಲ, ಫಲ ಕೂಡಲೇ ಕಿವಿಗೆ ಕೇಳುತ್ತದೆ. ಸುತ್ತು ಸುತ್ತು ತಿರುಗಿಸಿ ಮುಚ್ಚುವ ಹಳೆಯ ಬಗೆಯ ನಲ್ಲಿಗೆ ಈ ಕ್ರಮ.

1. ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಹುಡುಕಿ. ಸಿಂಕಿನ ಕೆಳಗೆ ಒಂದಿರಬಹುದು, ಇಲ್ಲದಿದ್ದರೆ ಮನೆಗೆಲ್ಲ ಸೇರಿದ ಒಂದು ಇದ್ದೇ ಇರುತ್ತದೆ. ಅದನ್ನು ಮುಚ್ಚಿ. ಆಮೇಲೆ ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರು ಪೂರ್ತಿ ಹೋಗಲು ಬಿಡಿ. ನೀರು ನಿಲ್ಲದಿದ್ದರೆ ವಾಲ್ವೇ ಸರಿಯಾಗಿ ಮುಚ್ಚುತ್ತಿಲ್ಲ. ಅಲ್ಲಿಗೇ ನಿಲ್ಲಿಸಿ.

2. ಸಿಂಕಿನ ತೂತಿಗೆ ಒಂದು ಬಟ್ಟೆ ತುರುಕಿ. ಸಣ್ಣ ಸ್ಕ್ರೂಗಳು ಬೀಳುವುದು ಯಾವಾಗಲೂ ಅಲ್ಲಿಗೇ.

3. ಹಿಡಿಯ ಮೇಲಿರುವ ಬಣ್ಣದ ಸಣ್ಣ ಮುಚ್ಚಳವನ್ನು ಚಪ್ಪಟೆ ಸ್ಕ್ರೂ ಡ್ರೈವರ್‌ನಿಂದ ಎಬ್ಬಿಸಿ. ಅಡಿಯಲ್ಲಿ ಸ್ಕ್ರೂ ಇರುತ್ತದೆ. ಬಿಚ್ಚಿ ಹಿಡಿಯನ್ನು ಮೇಲಕ್ಕೆ ಎಳೆಯಿರಿ. ಬರದಿದ್ದರೆ ಬಿಸಿ ನೀರು ಹಾಕಿ, ಅತ್ತಿತ್ತ ಆಡಿಸುತ್ತಾ ಎಳೆಯಿರಿ.

4. ಈಗ ಆರು ಮೂಲೆಯ ದೊಡ್ಡ ನಟ್ಟು ಕಾಣುತ್ತದೆ. ಅದಕ್ಕೆ ಬಟ್ಟೆ ಸುತ್ತಿ ಸ್ಪ್ಯಾನರ್ ಹಾಕಿ. ಇನ್ನೊಂದು ಕೈಯಲ್ಲಿ ನಲ್ಲಿಯ ಮೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಹಿಡಿಯದಿದ್ದರೆ ನಟ್ಟಿನ ಬದಲು ಗೋಡೆಯೊಳಗಿನ ಪೈಪು ತಿರುಗಬಹುದು. ಈ ಇಡೀ ಕೆಲಸದಲ್ಲಿ ನಿಜವಾಗಿ ಹುಷಾರಾಗಿರಬೇಕಾದ ಹೆಜ್ಜೆ ಇದೊಂದೇ.

5. ಒಳಗಿನ ಕಡ್ಡಿ ಹೊರಬಂದಾಗ ಅದರ ತುದಿಯಲ್ಲಿ ವಾಷರ್ ಇರುತ್ತದೆ. ಅದನ್ನು ತೆಗೆದು, ಅದೇ ಅಳತೆಯ ಹೊಸದನ್ನು ತನ್ನಿ. ಹಳೆಯದನ್ನು ಜೊತೆಗೆ ಒಯ್ಯುವುದೇ ವಾಸಿ.

6. ಹೊಸದು ಹಾಕುವ ಮೊದಲು ನಲ್ಲಿಯೊಳಗೆ ಕಿರುಬೆರಳು ಹಾಕಿ, ವಾಷರ್ ಕೂರುವ ಲೋಹದ ಅಂಚನ್ನು ಸವರಿ ನೋಡಿ. ನುಣ್ಣಗಿದ್ದರೆ ಸರಿ. ಒರಟಾಗಿ ಚುಚ್ಚಿದರೆ ಹೊಸ ವಾಷರ್ ಕೂಡ ಬೇಗ ಕತ್ತರಿಸಿಹೋಗುತ್ತದೆ. ಆಗ ಆ ಅಂಚನ್ನು ಉಜ್ಜಿ ಸಮ ಮಾಡುವ ಹತಾರ ಬೇಕು, ಇಲ್ಲವೇ ನಲ್ಲಿಯನ್ನೇ ಬದಲಿಸಬೇಕು.

7. ಜೋಡಿಸುವಾಗ ಕಡ್ಡಿಯನ್ನು ಅರ್ಧ ತೆರೆದ ಸ್ಥಿತಿಯಲ್ಲಿಡಿ. ಪೂರ್ತಿ ಮುಚ್ಚಿದ ಸ್ಥಿತಿಯಲ್ಲಿ ನಟ್ಟು ಬಿಗಿದರೆ ಹೊಸ ರಬ್ಬರ್ ಜಜ್ಜಿಹೋಗುತ್ತದೆ.

8. ವಾಲ್ವನ್ನು ನಿಧಾನವಾಗಿ ತೆರೆಯಿರಿ. ನಲ್ಲಿಯನ್ನು ಎರಡು ಬೆರಳಲ್ಲಿ ಮುಚ್ಚಿ ನೋಡಿ. ಅಷ್ಟಕ್ಕೇ ನೀರು ನಿಂತರೆ ಕೆಲಸ ಸರಿಯಾಗಿದೆ.

ಕಾಲು ಸುತ್ತು, ಅರ್ಧ ಸುತ್ತಿಗೆ ಮುಚ್ಚುವ ಹೊಸ ನಲ್ಲಿಗಳಲ್ಲಿ ಇಂಥ ವಾಷರ್ ಇರುವುದಿಲ್ಲ. ಒಳಗೆ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಅಲ್ಲಿ ಆ ಬಿಲ್ಲೆಗಳಿರುವ ಇಡೀ ಕಾರ್ಟ್ರಿಜ್ ಬದಲಿಸಬೇಕು. ಉಳಿದ ಹೆಜ್ಜೆಗಳು ಹೆಚ್ಚುಕಮ್ಮಿ ಒಂದೇ. ನೀರು ಬಾಯಿಯಿಂದ ಬರದೆ ಹಿಡಿಯ ಬುಡದಿಂದ ಜಿನುಗುತ್ತಿದ್ದರೆ ವಾಷರ್ ತಂಟೆಗೆ ಹೋಗಬೇಡಿ. ಹಿಡಿಯ ಕೆಳಗಿನ ಸಣ್ಣ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ ನೋಡಿ, ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಟೆಫ್ಲಾನ್ ಟೇಪು ಸುತ್ತುವ ಸಂದರ್ಭ ಬಂದರೆ, ಥ್ರೆಡ್ಡಿನ ತುದಿ ನಿಮ್ಮ ಕಡೆ ಇರುವಂತೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಟೇಪು ಸುರುಳಿ ಬಿಚ್ಚಿಕೊಂಡು ಹೊರಗೆ ಬರುತ್ತದೆ.

ಬಿಚ್ಚುವ ಮೊದಲು ಫೋಟೋ

ಬಿಚ್ಚುವುದು ಯಾರಿಗೂ ಕಷ್ಟವಲ್ಲ, ಕಷ್ಟ ಇರುವುದು ವಾಪಸ್ ಜೋಡಿಸುವುದರಲ್ಲಿ. ಪ್ರತಿ ಹಂತದಲ್ಲೂ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಒಂದು ದಪ್ಪ ಕಾಗದದ ಮೇಲೆ ಆ ವಸ್ತುವಿನ ಆಕಾರ ಸುಮ್ನೆ ಗೀಚಿ, ಸ್ಕ್ರೂ ಎಲ್ಲಿಂದ ಬಂತೋ ಅಲ್ಲಿ ಚುಚ್ಚಿಡಿ. ನೋಡಲು ಒಂದೇ ಥರ ಇರುವ ಸ್ಕ್ರೂಗಳಲ್ಲಿ ಒಂದು 2 ಮಿಲಿಮೀಟರ್ ಉದ್ದ ಇದ್ದರೂ ಸಾಕು, ತಪ್ಪು ಜಾಗಕ್ಕೆ ಹಾಕಿದಾಗ ಒಳಗಿನ ಭಾಗವನ್ನು ತೂತು ಮಾಡಿಬಿಡುತ್ತದೆ.

ತುಕ್ಕು ಹಿಡಿದ ಬೋಲ್ಟ್ ಎದುರಾದರೆ ಅವಸರ ಬೇಡ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ತಟ್ಟಿ, ಒಂದು ರಾತ್ರಿ ಬಿಡಿ. ಮರುದಿನ ಮೊದಲು ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚಿ. ತುಕ್ಕಿನ ಹಿಡಿತ ಹಾಗೆ ಮೊದಲು ಬಿರುಕು ಬಿಡುತ್ತದೆ.

ಎಣ್ಣೆ ಎಂದರೆ ಎಲ್ಲವೂ ಒಂದೇ ಅಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡಬೇಕು. ಎಲ್ಲರಿಗೂ ಗೊತ್ತಿರುವ ಡಬ್ಲ್ಯುಡಿ-40 ಎಂಬ ಸ್ಪ್ರೇ ಎಣ್ಣೆಯನ್ನು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತಯಾರಿಸಿದರು. ಅದರ ಹೆಸರಿನ ಅರ್ಥವೇ ನೀರನ್ನು ಹೊರದೂಡುವುದು, 40ನೇ ಪ್ರಯತ್ನ ಎಂದು. ತೇವ ಓಡಿಸಲು, ತುಕ್ಕು ಸಡಿಲಿಸಲು ಅದು ಒಳ್ಳೆಯದು. ಆದರೆ ಬಾಗಿಲಿನ ಕೀಲಿಗೆ (ಹಿಂಜಿಗೆ) ಹೊಡೆದರೆ ಕೆಲವು ವಾರದಲ್ಲಿ ಕಿರ್ರ್ ಸದ್ದು ಮತ್ತೆ ಬರುತ್ತದೆ, ಅದರ ಪದರ ಅಷ್ಟು ತೆಳು. ಕೀಲಿನ ಕಡ್ಡಿಯನ್ನು ಮೇಲಕ್ಕೆ ತಟ್ಟಿ ಹೊರತೆಗೆದು, ಒರೆಸಿ, ತೆಳ್ಳಗೆ ಗ್ರೀಸ್ ಸವರಿ ವಾಪಸ್ ಹಾಕಿ. ನಮ್ಮ ಮನೆಯ ಬಾಗಿಲು ಹಾಗೆ ಮಾಡಿದ ಮೇಲೆ ವರ್ಷಗಟ್ಟಲೆ ಸದ್ದು ಮಾಡಿಲ್ಲ. ಒಂದು ಸಲಕ್ಕೆ ಒಂದೇ ಕೀಲು ಬಿಚ್ಚಿ, ಬಾಗಿಲು ವಾಲುವುದಿಲ್ಲ. ಬೀಗದೊಳಗೆ ಎಣ್ಣೆ ಬಿಡಬೇಡಿ, ಧೂಳು ಅಂಟಿ ಕೆಸರಾಗುತ್ತದೆ. ಅಲ್ಲಿಗೆ ಗ್ರಾಫೈಟ್ ಪುಡಿ.

ಸೈಕಲ್ ಚೈನಿಗೆ ಒಂದು ಸ್ಕೇಲು

ಮುಂಚೆಯೇ ನೋಡಿಕೊಂಡರೆ ಎಷ್ಟು ಉಳಿಯುತ್ತದೆ ಎಂದು ಕಣ್ಣಾರೆ ಕಾಣಬೇಕಾದರೆ ಸೈಕಲ್ ಚೈನಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಹಾಗಾಗಿ ಹೊಸ ಚೈನಿನಲ್ಲಿ 24 ಅಂತರ ಎಣಿಸಿದರೆ ಸರಿಯಾಗಿ 12 ಇಂಚು. ಇಂಚಿನ ಗುರುತು ಇರುವ ಒಂದು ಲೋಹದ ಸ್ಕೇಲು ತೆಗೆದುಕೊಳ್ಳಿ. ಚೈನನ್ನು ಸ್ವಲ್ಪ ಎಳೆದು ಬಿಗಿ ಮಾಡಿ, ಸೊನ್ನೆಯನ್ನು ಒಂದು ಪಿನ್ನಿನ ನಟ್ಟನಡುವೆ ಇಡಿ. 12ರ ಗುರುತಿನ ಹತ್ತಿರ ಇನ್ನೊಂದು ಪಿನ್ನು ಎಲ್ಲಿದೆ ನೋಡಿ.

ನಡುವೆಯೇ ಇದ್ದರೆ ಚೈನು ಚೆನ್ನಾಗಿದೆ. ಗುರುತು ದಾಟಿ ಇಂಚಿನ ಹದಿನಾರನೇ ಒಂದು ಭಾಗದಷ್ಟು ಮುಂದೆ ಹೋಗಿದ್ದರೆ ಚೈನು ಬದಲಿಸುವ ಕಾಲ ಬಂದಿದೆ. ಎಂಟನೇ ಒಂದು ಭಾಗದಷ್ಟು ಹೋಗಿದ್ದರೆ ಹಲ್ಲುಚಕ್ರಗಳೂ ಸವೆದಿರುತ್ತವೆ, ಅವನ್ನೂ ಸೇರಿಸಿ ಬದಲಿಸಬೇಕಾಗುತ್ತದೆ. ಚೈನು ಉದ್ದವಾಯಿತು ಅಂದರೆ ಕಬ್ಬಿಣ ಹಿಗ್ಗಿದೆ ಎಂದಲ್ಲ. ಪ್ರತಿ ಪಿನ್ನಿನ ಸುತ್ತ ಒಳಗೆ ಸ್ವಲ್ಪ ಸ್ವಲ್ಪ ಸವೆದು ಅದೆಲ್ಲ ಒಟ್ಟಾಗಿ ಉದ್ದವಾಗಿ ಕಾಣುತ್ತದೆ. ಹಾಗೆ ಉದ್ದವಾದ ಚೈನು ಚಕ್ರದ ಹಲ್ಲುಗಳನ್ನು ತನ್ನ ಅಳತೆಗೇ ತಿಂದುಬಿಡುತ್ತದೆ. ಒಂದು ನಿಮಿಷದ ಅಳತೆಯನ್ನು ತಪ್ಪಿಸಿದ್ದಕ್ಕೆ ಚೈನು, ಮುಂದಿನ ಹಲ್ಲುಚಕ್ರ, ಹಿಂದಿನ ಹಲ್ಲುಚಕ್ರ ಮೂರೂ ಹೋಗುತ್ತವೆ.

ಸವೆತ ಒಳಗೆ ನಡೆಯುತ್ತದೆ ಎಂದಾದರೆ ಎಣ್ಣೆಯೂ ಒಳಗೇ ಹೋಗಬೇಕು, ಅಲ್ವಾ? ಮೊದಲು ಬಟ್ಟೆಯಿಂದ ಚೈನು ಒರೆಸಿ. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಪ್ರತಿ ಉರುಳೆಗೆ ಒಂದೇ ಹನಿ ಚೈನಿನ ಎಣ್ಣೆ ಬಿಡಿ. ಕೆಲವು ನಿಮಿಷ ಬಿಟ್ಟು ಹೊರಗೆ ಉಳಿದದ್ದನ್ನೆಲ್ಲ ಒಣ ಬಟ್ಟೆಯಿಂದ ಒರೆಸಿಹಾಕಿ. ಹೊರಗಿನ ಎಣ್ಣೆಯಿಂದ ಲಾಭವಿಲ್ಲ. ಅದು ಧೂಳು ಹಿಡಿದು, ಆ ಧೂಳು ಅರದ ಹಾಗೆ ಲೋಹವನ್ನು ಉಜ್ಜುತ್ತದೆ. ಕೈಯಿಂದ ಮುಟ್ಟಿದಾಗ ಹೆಚ್ಚು ಕಪ್ಪಾಗದ ಚೈನೇ ಸರಿಯಾಗಿ ಎಣ್ಣೆ ಕುಡಿದ ಚೈನು.

ಕರೆಂಟಿನ ವಿಷಯ, ಮತ್ತು ಮುಟ್ಟಬಾರದವು

ಧೈರ್ಯ ಬಂದ ಮೇಲೆ ಎಲ್ಲವನ್ನೂ ಬಿಚ್ಚಬೇಕು ಅನ್ನಿಸುತ್ತದೆ. ಇಲ್ಲಿ ಗಟ್ಟಿಯಾಗಿ ಹೇಳಬೇಕು: ಕರೆಂಟಿನ ವಿಷಯದಲ್ಲಿ ನಿಮ್ಮ ಊರಿನ ನಿಯಮ ಏನು ಬಿಡುತ್ತದೋ ಅಷ್ಟೇ ಮಾಡಿ, ಮೇನ್ ಬೋರ್ಡಿನ ಒಳಗೆ ಕೈ ಹಾಕಬೇಡಿ. ಒಂದು ಸಾಕೆಟ್ಟಿನ ಮುಚ್ಚಳ ತೆರೆಯುವುದಿದ್ದರೂ ಸ್ವಿಚ್ ಆಫ್ ಮಾಡಿದ್ದು ಸಾಲದು, ಬೋರ್ಡಿನಲ್ಲಿ ಆ ಸಾಲಿನ ಕರೆಂಟ್ ಕಡಿಯುವ ಸ್ವಿಚ್ಚು, ಅಂದರೆ ಎಂಸಿಬಿಯನ್ನೇ ಇಳಿಸಿ. ಇಳಿಸಿದ್ದು ಮನೆಯವರಿಗೆಲ್ಲ ಗೊತ್ತಿರಲಿ. ಆಮೇಲೆ ಮೂರು ಸಲ ಪರೀಕ್ಷೆ ಮಾಡಿ. ಟೆಸ್ಟರನ್ನು ಮೊದಲು ಕರೆಂಟ್ ಇದೆ ಎಂದು ಗೊತ್ತಿರುವ ಕಡೆ ಇಟ್ಟು ನೋಡಿ, ಆಮೇಲೆ ಕೆಲಸ ಮಾಡುವ ಕಡೆ, ಮತ್ತೆ ಮೊದಲಿನ ಕಡೆ. ಟೆಸ್ಟರೇ ಕೆಟ್ಟಿದ್ದರೆ ಅದು ನಡುವೆ ಹೇಳುವ ‘ಇಲ್ಲ’ ಎಂಬ ಮಾತನ್ನು ನಂಬುವಂತಿಲ್ಲ.

ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇದ್ದರೆ ಅದರ ಮೇಲೆ ‘ಟೆಸ್ಟ್’ ಎಂಬ ಸಣ್ಣ ಗುಂಡಿ ಇರುತ್ತದೆ. ಮನೆಗಳಲ್ಲಿ ಜೀವ ಕಾಯಲು ಹಾಕುವಂಥದ್ದು ಸಾಮಾನ್ಯವಾಗಿ 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುತ್ತದೆ. ಆಗಾಗ ಆ ಗುಂಡಿ ಒತ್ತಿ, ಕೂಡಲೇ ಆಫ್ ಆಗಬೇಕು. ಆಗದಿದ್ದರೆ ಅವತ್ತೇ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಇದಕ್ಕೆ ಹತಾರವೇ ಬೇಡ, ಬೆರಳು ಸಾಕು. ಆದರೂ ಇದನ್ನು ಮಾಡುವವರು ಎಷ್ಟು ಕಡಿಮೆ!

ಬಿಸಿಯಾಗುವ ಪ್ಲಗ್ಗಿಗೆ ಬಹಳ ಸಲ ಕಾರಣ ಸಡಿಲವಾದ ಜೋಡಣೆ ಅಥವಾ ಮಿತಿ ಮೀರಿದ ಭಾರ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. 230 ವೋಲ್ಟಿನಲ್ಲಿ 6 ಆಂಪಿಯರ್ ಎಂದು ಬರೆದಿರುವ ಎಕ್ಸ್‌ಟೆನ್ಷನ್ ಬೋರ್ಡು 1,380 ವ್ಯಾಟ್ ಮಾತ್ರ ತಡೆಯುತ್ತದೆ. 2,000 ವ್ಯಾಟಿನ ಹೀಟರನ್ನು ಅದಕ್ಕೆ ಸಿಕ್ಕಿಸಬಾರದು.

ಇನ್ನು ಕೆಲವನ್ನು ನಾನು ಮುಟ್ಟುವುದೇ ಇಲ್ಲ. ಮೈಕ್ರೋವೇವ್ ಒಲೆಯ ಒಳಗಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಜೀವ ತೆಗೆಯುವಷ್ಟು ಕರೆಂಟ್ ಹಿಡಿದಿಟ್ಟುಕೊಂಡಿರಬಹುದು. ಗ್ಯಾಸ್ ಪೈಪಿನ ಜಾಯಿಂಟು ಬಲ್ಲವರ ಕೆಲಸ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೂ ಹಾಕಬಾರದು. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಅಡಿಗೆ ಯಾವ ಕಾರಣಕ್ಕೂ ಹೋಗಬಾರದು. ತಿರುಗುವ ಡ್ರಿಲ್ ಹಿಡಿಯುವಾಗ ಸಡಿಲ ಗ್ಲೌಸು, ಇಳಿಬಿದ್ದ ಬಟ್ಟೆ ಬೇಡ, ಸುತ್ತಿಕೊಂಡರೆ ಕೈಯನ್ನೇ ಎಳೆಯುತ್ತದೆ. ಗೋಡೆಗೆ ಒರಗಿಸಿದ ಏಣಿಯ ಬುಡ, ಅದರ ಎತ್ತರದ ನಾಲ್ಕನೇ ಒಂದು ಭಾಗದಷ್ಟು ಗೋಡೆಯಿಂದ ದೂರ ಇರಬೇಕು.

ರಿಮೋಟಿನಲ್ಲಿ ಬಿಳಿ ಪುಡಿ ಕಟ್ಟಿದೆಯೇ? ಆಲ್ಕಲೈನ್ ಸೆಲ್ ಸೋರಿದೆ. ಅದು ಕ್ಷಾರ, ಚರ್ಮಕ್ಕೆ ತಾಗಬಾರದು. ಗ್ಲೌಸು ಹಾಕಿ ಸೆಲ್ ತೆಗೆದು, ಹತ್ತಿಯ ಕಡ್ಡಿಯನ್ನು ವಿನೆಗರಿನಲ್ಲಿ ಅದ್ದಿ ಒರೆಸಿ, ಪೂರ್ತಿ ಒಣಗಿಸಿ ಹೊಸ ಸೆಲ್ ಹಾಕಿದರೆ ಬಹಳ ಸಲ ರಿಮೋಟು ಮತ್ತೆ ನಡೆಯುತ್ತದೆ.

ಬೇರೆಯವರಿಂದ ಮಾಡಿಸುವಾಗ

ಎಲ್ಲವನ್ನೂ ನಾವೇ ಮಾಡಬೇಕೆಂದಿಲ್ಲ. ಆದರೆ ಗೊತ್ತಿದ್ದು ಕರೆಯುವುದಕ್ಕೂ ಗೊತ್ತಿಲ್ಲದೆ ಕರೆಯುವುದಕ್ಕೂ ತುಂಬಾ ವ್ಯತ್ಯಾಸ. ಒಮ್ಮೆ ನಮ್ಮ ಬಟ್ಟೆ ಒಗೆಯುವ ಯಂತ್ರ ನೀರು ಹೊರಗೆ ಬಿಡದೆ ನಿಂತುಬಿಟ್ಟಿತು. ಬಂದವರು ನೋಡಿದ ಕೂಡಲೇ ಪಂಪು ಹೋಗಿದೆ, ಬದಲಿಸಬೇಕು ಎಂದರು. ಅವರು ಹೋದ ಮೇಲೆ ಅಕ್ಕ ಕೇಳಿದಳು, “ಕೆಳಗಡೆ ಒಂದು ಸಣ್ಣ ಬಾಗಿಲು ಇದೆಯಲ್ಲೋ, ಅದನ್ನು ತೆಗೆದು ನೋಡಿದರಾ?” ತೆಗೆದು ನೋಡಿದರೆ ಫಿಲ್ಟರಿನಲ್ಲಿ ಒಂದು ಕಾಲುಚೀಲ, ಎರಡು ಗುಂಡಿ, ಮುಷ್ಟಿಯಷ್ಟು ನೂಲು. ಪಂಪಿಗೆ ಏನೂ ಆಗಿರಲಿಲ್ಲ. ಅಕ್ಕ ಕೈಪಿಡಿ ಓದಿದ್ದಳು, ಅಷ್ಟೇ. ಯಂತ್ರದ ಜೊತೆ ಬರುವ ಕೈಪಿಡಿಯ ಕೊನೆಯಲ್ಲಿ ತೊಂದರೆ ಮತ್ತು ಪರಿಹಾರದ ಪುಟ ಇರುತ್ತದೆ. ಯಂತ್ರ ತಂದ ದಿನವೇ ಅದನ್ನು ಓದಿ.

ಕರೆಯುವಾಗ ಮೂರು ವಿಷಯ ಹೇಳಿ: ತೊಂದರೆ ಯಾವಾಗ ಶುರುವಾಯಿತು, ಯಾವಾಗಲೂ ಇದೆಯೋ ಅಥವಾ ಬಿಸಿಯಾದ ಮೇಲೆ ಮಾತ್ರವೋ, ಅದಕ್ಕೂ ಮುಂಚೆ ಏನು ಬದಲಾಯಿತು. ಸದ್ದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಅವರು ಬಂದಾಗ ಆ ಸದ್ದು ನಿಂತಿರುವ ಸಾಧ್ಯತೆ ಬಹಳ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಿ. ಟಾರ್ಚ್ ಹಿಡಿಯಿರಿ. ಚೆನ್ನಾಗಿ ಕೆಲಸ ಬಲ್ಲವರು ಕೇಳಿದರೆ ಖುಷಿಯಿಂದ ಹೇಳಿಕೊಡುತ್ತಾರೆ. ನಾನು ಕಲಿತದ್ದರಲ್ಲಿ ಅರ್ಧ ಹೀಗೆ ನಿಂತು ನೋಡಿಯೇ.

ಹೀಗೆ ಕೂಡಿ ಕಲಿಯುವುದಕ್ಕೆ ಈಗ ಜಗತ್ತಿನ ಹಲವು ಕಡೆ ಜಾಗವೂ ಇದೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಮಹಿಳೆ ಮೊದಲ ರಿಪೇರಿ ಕೆಫೆ ನಡೆಸಿದರು. ಕೆಟ್ಟ ವಸ್ತು ತಂದವರು ಕೆಲಸ ಬಲ್ಲ ಸ್ವಯಂಸೇವಕರ ಪಕ್ಕ ಕೂತು ತಾವೇ ಸರಿಮಾಡುತ್ತಾರೆ. ಆ ಕ್ರಮ ಬೇರೆ ಬೇರೆ ದೇಶಗಳಿಗೆ ಹಬ್ಬಿದೆ. ಯುರೋಪಿಯನ್ ಒಕ್ಕೂಟ 2024ರಲ್ಲಿ, ಕೆಲವು ಬಗೆಯ ಯಂತ್ರಗಳನ್ನು ವಾರಂಟಿ ಮುಗಿದ ಮೇಲೂ ತಯಾರಕರು ರಿಪೇರಿ ಮಾಡಿಕೊಡಬೇಕು ಎಂಬ ಕಾನೂನು ತಂದಿತು. ವಸ್ತು ಕೊಳ್ಳುವಾಗಲೇ ನಾವೂ ಒಂದು ಪ್ರಶ್ನೆ ಕೇಳಬಹುದು: ಇದನ್ನು ಬಿಚ್ಚಲು ಬರುತ್ತದೆಯೇ, ಬಿಡಿಭಾಗ ಸಿಗುತ್ತದೆಯೇ? ಸ್ಕ್ರೂ ಹಾಕಿದ್ದರೆ ಆಸೆ ಇದೆ, ಅಂಟು ಹಾಕಿ ಮುಚ್ಚಿದ್ದರೆ ಯೋಚಿಸಿ.

ಪುಸ್ತಕ ಮುಂದುವರಿಯಲಿ

ಮೊದಲ ಸುತ್ತಿನಲ್ಲಿ ಹಿಡಿದ ಪುಸ್ತಕವನ್ನು ಬಿಸಾಡಬೇಡಿ. ಅದರ ಹಿಂದಿನ ಪುಟಗಳಲ್ಲಿ ದಿನಾಂಕ ಹಾಕಿ ಮಾಡಿದ ಕೆಲಸ ಬರೆಯುತ್ತಾ ಹೋಗಿ. ನನ್ನ ಪುಸ್ತಕದಲ್ಲಿ ನಲ್ಲಿಯ ಸಾಲಿನ ಪಕ್ಕ ಹಳೆಯ ವಾಷರನ್ನೇ ಅಂಟಿಸಿದ್ದೇನೆ, ಮುಂದಿನ ಸಲ ಅಳತೆ ಹುಡುಕುವ ಕೆಲಸವಿಲ್ಲ. ಫ್ರಿಜ್ಜಿನ ಹಿಂದಿನ ಕಾಯಿಲ್ ಧೂಳು ತೆಗೆದದ್ದು, ಎಸಿ ಫಿಲ್ಟರ್ ತೊಳೆದದ್ದು, ಚೈನು ಅಳೆದದ್ದು, ಎಲ್ಲಕ್ಕೂ ಒಂದೊಂದು ಸಾಲು. ಒಂದು ವರ್ಷ ಬರೆದರೆ ಯಾವ ವಸ್ತು ಎಷ್ಟು ದಿನಕ್ಕೆ ಕೈಕೊಡುತ್ತದೆ ಎಂದು ನಿಮಗೇ ಕಾಣುತ್ತದೆ. ಒಂದೇ ತೊಂದರೆ ಮೂರನೇ ಸಲ ಬಂದಿದ್ದರೆ ಮೂಲ ಕಾರಣ ಬೇರೆಲ್ಲೋ ಇದೆ.

ನಮ್ಮ ನಲ್ಲಿಯ ಸಾಲಿನಲ್ಲಿ ಎರಡೇ ದಿನಾಂಕ ಇವೆ. ಮೊದಲನೇ ವಾಷರ್ ಐದೇ ತಿಂಗಳಿಗೆ ಹೋಯಿತು, ಒಳಗಿನ ಅಂಚನ್ನು ಬೆರಳಿಟ್ಟು ನೋಡಿರಲಿಲ್ಲ. ಎರಡನೇ ಸಲ ಅಂಚು ಉಜ್ಜಿ ಹಾಕಿದ್ದು ನಾಲ್ಕು ವರ್ಷದಿಂದ ಹಾಗೇ ಇದೆ. ಈಗಲೂ ಅದನ್ನು ಎರಡು ಬೆರಳಲ್ಲೇ ಮುಚ್ಚುತ್ತೇವೆ.